ಓದುಗರ ಪ್ರಶ್ನೆ: ಯಾವ ಮೂಳೆಗೆ ಯಾವ ಬ್ರೇಸ್?

ತೆಂಗು, ಹುಣಸೆ, ಮಾವು ಕೀಳುವ ದಿನಗಳಲ್ಲಿ ಮರದಿಂದ ಬಿದ್ದವರು, ಕಲ್ಲುಕ್ವಾರಿಯಲ್ಲಿ ಜಾರಿದವರು, ಹೆದ್ದಾರಿಯಲ್ಲಿ ಬೈಕು ಉರುಳಿಸಿಕೊಂಡವರು ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮೂಳೆ ವಾರ್ಡುಗಳಿಗೆ ಬರುತ್ತಲೇ ಇರುತ್ತಾರೆ. ಅವರಲ್ಲಿ ಬಹಳಷ್ಟು ಜನರ ಕೈಗೆ ಡಾಕ್ಟರು ಒಂದು ಚೀಟಿ ಕೊಡುತ್ತಾರೆ: 'ಬ್ರೇಸ್ ತನ್ನಿ'. ಬ್ರೇಸ್ ಎಂದರೆ ಪೆಟ್ಟಾದ ಮೂಳೆ ಅಲುಗದಂತೆ ಮೈ ಹೊರಗಿನಿಂದ ಕಟ್ಟುವ ಆಸರೆ. ಅಲ್ಲಿಂದ ಮುಂದಿನದು ಮನೆಯವರ ಪಾಡು, ಮೆಡಿಕಲ್ ಅಂಗಡಿಯವರ ಮರ್ಜಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬೆನ್ನು ಮತ್ತು ಕುತ್ತಿಗೆಯ ಬ್ರೇಸ್‌ಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ನಮ್ಮ ಆರ್ಥೋಟಿಸ್ಟ್ (ಬ್ರೇಸ್ ಅಳೆದು ಮಾಡಿಕೊಡುವ ತಜ್ಞರು) ಮತ್ತು ಫಿಸಿಯೋಥೆರಪಿ ಬಳಗ ಇಲ್ಲಿ ಉತ್ತರಿಸಿದೆ. ಬ್ರೇಸ್ ಬೇಕೋ ಬೇಡವೋ ಎಂಬುದನ್ನು ಎಕ್ಸ್‌ರೇ, ಸ್ಕ್ಯಾನ್ ನೋಡಿದ ಡಾಕ್ಟರೇ ಹೇಳಬೇಕು. ಬೇಕು ಎಂದಾದ ಮೇಲಿನ ಮಾತು ಇದು.

ಪ್ರಶ್ನೆ: ನಮ್ಮ ತಂದೆಯವರು ತೆಂಗಿನ ಮರದಿಂದ ಬಿದ್ದು ಡಿ12 ಮೂಳೆ ಮುರಿದಿದೆ. ಆಪರೇಷನ್ ಬೇಡ ಎಂದಿದ್ದಾರೆ. ಚೀಟಿಯಲ್ಲಿ 'ಟಿ.ಎಲ್.ಎಸ್.ಒ.' ಎಂದು ಬರೆದಿತ್ತು. ಅಂಗಡಿಯವರು ಎಲ್.ಎಸ್. ಬೆಲ್ಟ್ ಕೊಟ್ಟು 'ಎಲ್ಲ ಒಂದೇ, ಇದೂ ಬೆನ್ನಿಗೇ' ಎಂದರು. ಇದು ಸಾಕೇ? (ತಿಪಟೂರು)

ಸಾಲದು. ವಾಪಸ್ ಕೊಟ್ಟು ಬದಲಾಯಿಸಿಕೊಳ್ಳಿ. ಟಿ.ಎಲ್.ಎಸ್.ಒ. ಎಂದರೆ ಎದೆಯಿಂದ ಸೊಂಟದವರೆಗೆ ಹಿಡಿಯುವ ಬ್ರೇಸ್, ಎಲ್.ಎಸ್. ಬೆಲ್ಟ್ ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ.

ಬೆನ್ನುಮೂಳೆಯಲ್ಲಿ ಕುತ್ತಿಗೆಗೆ ಸೇರಿದ್ದು 7 ಮೂಳೆ, ಪಕ್ಕೆಲುಬು ಅಂಟಿಕೊಂಡ ಎದೆಯ ಭಾಗದ್ದು 12, ಸೊಂಟದ್ದು 5. ಪ್ರತಿ ಭಾಗದ ಮೂಳೆಗಳನ್ನು ಮೇಲಿನಿಂದ ಎಣಿಸುತ್ತಾರೆ, ಸೊಂಟದ್ದಕ್ಕೆ 'ಎಲ್' ಎಂದು ಬರೆಯುತ್ತಾರೆ. ಎದೆಯ ಭಾಗದ್ದನ್ನು ನಮ್ಮಲ್ಲಿ ಕೆಲವು ಡಾಕ್ಟರು 'ಡಿ' ಎಂದೂ ಕೆಲವರು 'ಟಿ' ಎಂದೂ ಬರೆಯುತ್ತಾರೆ. ಡಿ12, ಟಿ12 ಎರಡೂ ಒಂದೇ ಮೂಳೆ. ಅದು ಎದೆಗೂಡು ಮುಗಿದು ಸೊಂಟ ಶುರುವಾಗುವ ಗಡಿಯಲ್ಲಿದೆ. ಮೇಲಿನ ಬೆನ್ನು ಪಕ್ಕೆಲುಬುಗಳ ಬಲದಿಂದ ಬಿಗಿಯಾಗಿರುತ್ತದೆ, ಕೆಳಗಿನ ಸೊಂಟ ಸಡಿಲವಾಗಿ ಆಡುತ್ತದೆ. ಎರಡೂ ಕೂಡುವ ಡಿ12, ಎಲ್1 ಜಾಗದಲ್ಲೇ ಪೆಟ್ಟು ಕೂರುತ್ತದೆ. ಎತ್ತರದಿಂದ ಬಿದ್ದವರಲ್ಲಿ ಹೆಚ್ಚಾಗಿ ಮುರಿಯುವುದು ಇವೇ.

ಎಲ್.ಎಸ್. ಬೆಲ್ಟಿನ ಹಿಂದಿನ ಎತ್ತರ ಸಾಮಾನ್ಯವಾಗಿ 8ರಿಂದ 10 ಇಂಚು. ಕಟ್ಟಿದಾಗ ಅದರ ಮೇಲಂಚು ಕೊನೆಯ ಪಕ್ಕೆಲುಬುಗಳ ಹತ್ತಿರ ಬಂದು ನಿಲ್ಲುತ್ತದೆ, ಅಂದರೆ ಸುಮಾರಾಗಿ ಮುರಿದ ಮೂಳೆಯ ಮಟ್ಟಕ್ಕೇ. ಬೆಲ್ಟ್ ಹಿಡಿದಿಟ್ಟ ಸೊಂಟ ಅಲುಗದೆ, ಹಿಡಿತವಿಲ್ಲದ ಎದೆ ಮುಂದಕ್ಕೆ ಬಾಗುತ್ತದೆ. ಬಾಗುವ ಬಲವೆಲ್ಲ ಮುರಿದ ಜಾಗದ ಮೇಲೇ ಬೀಳುತ್ತದೆ. ಮುರಿದ ಮೂಳೆಯ ಮೇಲೂ ಕೆಳಗೂ ಸಾಕಷ್ಟು ಉದ್ದಕ್ಕೆ ಹಿಡಿಯದ ಬ್ರೇಸ್ ಕಟ್ಟಿದರೂ ಒಂದೇ, ಬಿಟ್ಟರೂ ಒಂದೇ. ಎಲ್.ಎಸ್. ಬೆಲ್ಟ್ ಸೊಂಟದ ನಡುಭಾಗದ ನೋವಿಗೆ, ಡಿಸ್ಕ್ ತೊಂದರೆಗೆ, ಡಾಕ್ಟರು ಹೇಳಿದರೆ ಕೆಲವು ಸೊಂಟದ ಆಪರೇಷನ್‌ಗಳ ನಂತರಕ್ಕೆ. ತೀರಾ ಕೆಳಗಿನ ಎಲ್5 ಮತ್ತು ಅದರಡಿಯ ಕೀಲನ್ನು ಅದು ಹಿಡಿದು ನಿಲ್ಲಿಸುವುದೂ ಇಲ್ಲ. ಮೇಲಿನ ಸೊಂಟವನ್ನು ಕಟ್ಟಿಹಾಕಿದರೆ ಕೆಳಗಿನ ಕೀಲು ಇನ್ನಷ್ಟು ಆಡುವುದುಂಟು. ಆ ಮಟ್ಟವನ್ನು ನಿಜವಾಗಿ ನಿಲ್ಲಿಸಬೇಕಾದರೆ ಒಂದು ತೊಡೆಯನ್ನೂ ಸೇರಿಸಿ ಹಿಡಿಯುವ ಬ್ರೇಸ್ ಮಾಡಿಸಬೇಕು.

ನಿಮ್ಮ ತಂದೆಯವರ ಮಟ್ಟಕ್ಕೆ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ.

ಒಂದು ಆಶ್ ಬ್ರೇಸ್. ಅಲ್ಯುಮಿನಿಯಂ ಚೌಕಟ್ಟು, ಎದೆಯ ನಡುಮೂಳೆಯ ಮೇಲೊಂದು ಪ್ಯಾಡ್, ಕೆಳಹೊಟ್ಟೆಯ ಮೂಳೆಯ ಮೇಲೊಂದು, ಬೆನ್ನ ಹಿಂದೊಂದು. ಕೋಲನ್ನು ಮಂಡಿಗೆ ಕೊಟ್ಟು ಎರಡು ತುದಿ ಎಳೆಯುವ ಹಾಗೆ, ಮುಂದಿನ ಎರಡು ಪ್ಯಾಡ್ ಹಿಂದಕ್ಕೂ ಬೆನ್ನಿನದು ಮುಂದಕ್ಕೂ ಒತ್ತಿ ದೇಹ ಮುಂದಕ್ಕೆ ಬಾಗದಂತೆ ತಡೆಯುತ್ತವೆ. ಡಿ6ರಿಂದ ಎಲ್1ರವರೆಗೆ ಮೂಳೆಯ ಮುಂಭಾಗ ಮಾತ್ರ ಕುಸಿದ, ಅಲುಗದ ಮುರಿತಕ್ಕೆ ಇದು ಒಳ್ಳೆಯದು. ಮೈ ತಿರುಚುವುದನ್ನು, ಪಕ್ಕಕ್ಕೆ ವಾಲುವುದನ್ನು ಇದು ತಡೆಯುವುದಿಲ್ಲ.

ಎರಡನೆಯದು ಟೇಲರ್ ಬ್ರೇಸ್. ಬೆನ್ನುಮೂಳೆಯ ಎರಡೂ ಬದಿಗೆ ಎರಡು ಉದ್ದ ಲೋಹದ ಪಟ್ಟಿ, ಕೆಳಗೆ ಸೊಂಟದ ಪಟ್ಟಿ, ಮೇಲೆ ಹೆಗಲಿನಿಂದ ಕಂಕುಳಿಗೆ ಬರುವ ಬೆಲ್ಟು, ಹೊಟ್ಟೆಗೆ ಬಟ್ಟೆಯ ಏಪ್ರನ್. ಮುಂದಕ್ಕೂ ಹಿಂದಕ್ಕೂ ಬಾಗುವುದನ್ನು ತಡೆಯುತ್ತದೆ. ತಿರುಚುವುದಕ್ಕೆ ತಡೆ ಅಷ್ಟಕ್ಕಷ್ಟೆ.

ಮೂರನೆಯದು ಪ್ಲಾಸ್ಟಿಕ್ಕಿನ ಎರಡು ಚಿಪ್ಪು, ಮುಂದೊಂದು ಹಿಂದೊಂದು, ನಡುವೆ ವೆಲ್ಕ್ರೋ ಬೆಲ್ಟು. ಎಲ್ಲ ದಿಕ್ಕಿಗೂ ಹಿಡಿತ ಇದರದ್ದೇ ಹೆಚ್ಚು. ಮೂಳೆ ಸುತ್ತಲೂ ಸಿಡಿದ ಬರ್ಸ್ಟ್ ಮುರಿತಕ್ಕೆ ಬ್ರೇಸ್ ಎಂದರೆ ಡಾಕ್ಟರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಇದೇ.

ಟಿ.ಎಲ್.ಎಸ್.ಒ. ಎಂಬುದು ಈ ಮೂರೂ ಬಗೆಗೆ ಸೇರಿದ ಗುಂಪಿನ ಹೆಸರು. ಆದ್ದರಿಂದ ಡಾಕ್ಟರನ್ನೇ ಎರಡು ಮಾತು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ: ಯಾವ ಮೂಳೆ? ಯಾವ ಅಲುಗಾಟ ನಿಲ್ಲಬೇಕು, ಮುಂದಕ್ಕೆ ಬಾಗುವುದು ಮಾತ್ರವೋ, ತಿರುಚುವುದೂ ಸೇರಿಯೋ? ಇವೆರಡು ಗೊತ್ತಾದರೆ ಬ್ರೇಸ್ ತಾನಾಗಿಯೇ ಗೊತ್ತಾಗುತ್ತದೆ. ಡಿ6ಕ್ಕಿಂತ ಮೇಲಿನ ಮುರಿತವಾದರೆ ಈ ಮೂರರಲ್ಲಿ ಯಾವುದೂ ಸಾಲದು. ಕುತ್ತಿಗೆ, ಗದ್ದವನ್ನೂ ಹಿಡಿಯುವ ಭಾಗ ಬೇಕಾಗುತ್ತದೆ.

ಇನ್ನೊಂದು ಸಂಗತಿ. ನರಕ್ಕೆ ಏಟು ಬೀಳದ ಬರ್ಸ್ಟ್ ಮುರಿತದವರಲ್ಲಿ ಬ್ರೇಸ್ ಹಾಕಿದವರು, ಹಾಕದವರು ಇಬ್ಬರೂ ಒಂದೇ ತೆರನಾಗಿ ಚೇತರಿಸಿಕೊಂಡರು ಎಂದು 2014ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ ಹೇಳಿತು. ಹಾಗಾಗಿ ಕೆಲವು ಡಾಕ್ಟರು ಬ್ರೇಸೇ ಬೇಡ, ಜೋಪಾನವಾಗಿ ಓಡಾಡಿ ಎನ್ನಬಹುದು. ಅದು ನಿರ್ಲಕ್ಷ್ಯವಲ್ಲ. ಆದರೆ ಬೇಕು ಎಂದ ಮೇಲೆ ತಪ್ಪು ಬ್ರೇಸ್ ತರಬೇಡಿ.

ಮರದಿಂದ ಕಾಲೂರಿ ಬಿದ್ದವರಲ್ಲಿ ಹಿಮ್ಮಡಿ ಮೂಳೆಯೂ ಮುರಿದಿರುವುದುಂಟು. ತಂದೆಯವರಿಗೆ ಹಿಮ್ಮಡಿ ಊದಿದ್ದರೆ ಡಾಕ್ಟರಿಗೆ ತೋರಿಸಿ. ಬೆನ್ನಿನ ನೋವಿನಲ್ಲಿ ಅದು ಮರೆತೇ ಹೋಗುತ್ತದೆ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ವಾರ್ಡಿನಲ್ಲಿ ಎಂ, ಎಲ್, ಎಕ್ಸ್‌ಎಲ್ ಎಂದು ಅಂದಾಜಿನ ಮೇಲೆ ಸೈಜು ಹೇಳಿಬಿಡುತ್ತೇವೆ. ಅರ್ಧಕ್ಕರ್ಧ ವಾಪಸ್ ಬರುತ್ತವೆ. ಸರಿಯಾಗಿ ಅಳತೆ ತೆಗೆಯುವುದು ಹೇಗೆ? (ಕೋಲಾರ)

ಪ್ಯಾಂಟಿನ ಸೈಜು ಕೇಳಿ ಬ್ರೇಸ್ ತರಿಸುವುದೇ ಮೊದಲ ತಪ್ಪು. ಹೊಟ್ಟೆ ಇರುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. 36ರ ಪ್ಯಾಂಟಿನವರ ಹೊಕ್ಕುಳ ಸುತ್ತಳತೆ 42 ಇರಬಹುದು. ಎರಡನೆಯ ತಪ್ಪು, ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿರುವುದು. ಅಕ್ಷರವನ್ನು ಬಿಟ್ಟುಬಿಡಿ. ಇಂಚು ಬರೆದು ಕಳಿಸಿ, ಡಬ್ಬಿಯ ಮೇಲಿನ ಚಾರ್ಟಿಗೆ ಅಂಗಡಿಯವರೇ ಹೊಂದಿಸಲಿ.

ಬಟ್ಟೆಯ ಅಳತೆ ಟೇಪು ಸಾಕು. ಹಾಸಿಗೆಯಲ್ಲೇ ಬ್ರೇಸ್ ಹಾಕಬೇಕಾದ ರೋಗಿಯನ್ನು ಮಲಗಿಸಿಯೇ ಅಳೆಯಿರಿ. ತೆಳು ಬನಿಯನ್ ಇರಲಿ. ಟೇಪನ್ನು ಬೆನ್ನಡಿಗೆ ತೂರಿಸುವಾಗ ಸೊಂಟ ಎತ್ತಿಸಬೇಡಿ. ಸೊಂಟದ ಮೇಲೆ ನೈಸರ್ಗಿಕವಾಗಿ ಇರುವ ಟೊಳ್ಳಿನಲ್ಲಿ ಟೇಪು ತೂರಿಸಿ, ಆಮೇಲೆ ಮೇಲಕ್ಕೋ ಕೆಳಕ್ಕೋ ಸರಿಸಿಕೊಳ್ಳಿ.

ಸುತ್ತಳತೆ ಮೂರು ಕಡೆ: ಎದೆಯ ನಡುಮೂಳೆ ಮುಗಿಯುವ ಮಟ್ಟದಲ್ಲಿ, ಹೊಕ್ಕುಳ ಮಟ್ಟದಲ್ಲಿ, ತೊಡೆಯ ಮೇಲ್ತುದಿಯ ಮೂಳೆ ಕೈಗೆ ಸಿಗುವ ಕಡೆ ಪೃಷ್ಠದ ಸುತ್ತ. ಉದ್ದ ಎರಡು ಕಡೆ: ಮುಂದೆ ಕಂಠದ ಗುಳಿಯಿಂದ ಕೆಳಹೊಟ್ಟೆಯ ಮೂಳೆಯವರೆಗೆ, ಹಿಂದೆ ಹೆಗಲ ರೆಕ್ಕೆಮೂಳೆಯ ಕೆಳತುದಿಯಿಂದ ಬಾಲಮೂಳೆಯ ಮೇಲ್ಭಾಗದವರೆಗೆ. ಹಿಂದಿನ ಉದ್ದವನ್ನು ರೋಗಿಯನ್ನು ಮಗ್ಗುಲು ತಿರುಗಿಸಿದಾಗ ತೆಗೆದುಕೊಳ್ಳಿ, ಅದಕ್ಕೆಂದೇ ಇನ್ನೊಮ್ಮೆ ತಿರುಗಿಸಬೇಡಿ.

ಆಶ್ ಬ್ರೇಸಿಗೆ ಮುಂದಿನ ಉದ್ದವೇ ಮುಖ್ಯ. ಕಂಠದ ಗುಳಿಯಿಂದ ಅರ್ಧ ಇಂಚು ಕೆಳಗೆ ಮೇಲಿನ ಪ್ಯಾಡಿನ ಅಂಚು, ಕೆಳಹೊಟ್ಟೆಯ ಮೂಳೆಯಿಂದ ಅರ್ಧ ಇಂಚು ಮೇಲೆ ಕೆಳಗಿನ ಪ್ಯಾಡಿನ ಅಂಚು ಬರಬೇಕು. ಅಂದರೆ ಅಳೆದ ಉದ್ದದಲ್ಲಿ ಒಂದು ಇಂಚು ಕಳೆದರೆ ಬ್ರೇಸಿನ ಉದ್ದ. ಅಳತೆ 19 ಇಂಚಾದರೆ ಬ್ರೇಸ್ 18. ಸ್ಕ್ರೂ ಬಿಚ್ಚಿ ಚೌಕಟ್ಟಿನ ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಬಗೆಯಾದರೆ ಅಲೆನ್ ಕೀಲಿ ಅಥವಾ ಸಣ್ಣ ಸ್ಕ್ರೂಡ್ರೈವರ್ ವಾರ್ಡಿನಲ್ಲಿ ಇಟ್ಟುಕೊಳ್ಳಿ. ಎರಡೂ ಬದಿಯ ತೂತು ಎಣಿಸಿ ಸಮ ಮಾಡಿ. ಎಡಕ್ಕೆ ಮೂರನೇ ತೂತು, ಬಲಕ್ಕೆ ನಾಲ್ಕನೇ ತೂತು ಆದರೆ ಬ್ರೇಸ್ ಓರೆ ಕೂತು ಒಂದು ಕಡೆಯ ಸೊಂಟದ ಮೂಳೆಗೆ ಕಡಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಒಂದು ಪರೀಕ್ಷೆ: ಕೂರಿಸಿ ನೋಡುವುದು. ಮಲಗಿದಾಗ ಚೊಕ್ಕವಾಗಿ ಕೂತ ಬ್ರೇಸ್, ರೋಗಿ ಎದ್ದು ಕುಳಿತೊಡನೆ ತೊಡೆ ಕೆಳಗಿನಿಂದ ಒತ್ತಿ ಮೇಲಕ್ಕೆ ಸರಿಯುತ್ತದೆ. ಎದೆಯ ಪ್ಯಾಡ್ ಗಂಟಲಿಗೆ ಬರುತ್ತದೆ. ರೋಗಿ 'ಉಸಿರು ಕಟ್ಟುತ್ತೆ' ಎಂದು ಬಿಚ್ಚಿ ಮಂಚದ ಕೆಳಗೆ ಹಾಕುತ್ತಾರೆ, ನಾವು 'ಮಾತು ಕೇಳಲ್ಲ' ಎನ್ನುತ್ತೇವೆ. ಡಾಕ್ಟರು ಕೂರಲು ಅನುಮತಿ ಕೊಟ್ಟಿದ್ದರೆ ಗಟ್ಟಿ ಕುರ್ಚಿಯಲ್ಲಿ ಹತ್ತು ನಿಮಿಷ ಕೂರಿಸಿ. ಮೇಲಂಚು ಕಂಠದ ಗುಳಿ ಮುಟ್ಟಬಾರದು, ಕೆಳಂಚು ತೊಡೆಸಂದಿಗೆ ಚುಚ್ಚಬಾರದು, ಕಂಕುಳಲ್ಲಿ ಎರಡು ಬೆರಳು ಆಡಬೇಕು, ದೀರ್ಘ ಉಸಿರು ಎಳೆಯಲು ಆಗಬೇಕು. ಚಿಪ್ಪು ಬ್ರೇಸಿನ ಸೊಂಟದ ಒಳತಗ್ಗು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಮೆತ್ತನೆ ಜಾಗದಲ್ಲೇ ಕೂತಿರಬೇಕು. ಬಟ್ಟೆಯ ಬೆಲ್ಟಾದರೆ ಮುಂದಿನ ವೆಲ್ಕ್ರೋ ಕನಿಷ್ಠ ನಾಲ್ಕು ಬೆರಳಗಲ ಒಂದರ ಮೇಲೊಂದು ಬರಲಿ. ತುದಿಯಲ್ಲಿ ಒಂದೇ ಇಂಚು ಅಂಟಿದ್ದು ಕೆಮ್ಮಿದರೆ ಬಿಟ್ಟುಹೋಗುತ್ತದೆ.

ಎರಡು ಸೈಜಿನ ನಡುವೆ ಬಂದರೆ? ಎಲಾಸ್ಟಿಕ್ ಬೆಲ್ಟಿಗೆ ಚಿಕ್ಕದು ನೋಡಿ, ಗಟ್ಟಿ ಚಿಪ್ಪಿಗೆ ದೊಡ್ಡದು ನೋಡಿ. ದೊಡ್ಡ ಚಿಪ್ಪಿಗೆ ಒಳಗೆ ಪ್ಯಾಡ್ ಸೇರಿಸಬಹುದು, ಚಿಕ್ಕ ಚಿಪ್ಪನ್ನು ಹಿಗ್ಗಿಸಲಾಗದು.

ಪ್ರಶ್ನೆ: ಹಾಸಿಗೆಯಲ್ಲಿ ಮಲಗಿರುವವರಿಗೆ ಬ್ರೇಸ್ ಹಾಕಲು ಎಷ್ಟು ಜನ ಬೇಕು? ಅಟೆಂಡರ್ ಇಲ್ಲದ ರಾತ್ರಿಪಾಳಿಯಲ್ಲಿ ಒಬ್ಬರೇ ಹಾಕಬಹುದೇ? (ಚಿಕ್ಕಬಳ್ಳಾಪುರ)

ಒಬ್ಬರೇ ಹಾಕಬೇಡಿ. ಕುತ್ತಿಗೆಗೂ ಪೆಟ್ಟಿದ್ದರೆ ನಾಲ್ವರು, ಒಬ್ಬರು ತಲೆಗೇ ಮೀಸಲು. ಬೆನ್ನಿಗೆ ಮಾತ್ರ ಇದ್ದರೆ ಮೂವರು. ಹೆಗಲು, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗಬೇಕು. ಒಬ್ಬರೇ ಎಣಿಸಿ ಹೇಳಬೇಕು, ಉಳಿದವರು ಆ ದನಿಗೆ ಮಾತ್ರ ತಿರುಗಿಸಬೇಕು. ತಲೆ ಹಿಡಿದವರಿದ್ದರೆ ಎಣಿಸುವುದು ಅವರೇ.

ಮಗ್ಗುಲಾದ ಮೇಲೆ ಮೊದಲ ಕೆಲಸ ಬೆನ್ನಿನ ಚರ್ಮ ನೋಡುವುದು. ನಂತರ ಸುಕ್ಕಿಲ್ಲದ ಹತ್ತಿ ಬನಿಯನ್ ಎಳೆದು ಸರಿಮಾಡಿ. ಗುಂಡಿ, ಜೇಬು, ಪಕ್ಕದ ದಪ್ಪ ಹೊಲಿಗೆ ಇರಬಾರದು. ಹೆಂಗಸರ ಒಳಉಡುಪಿನ ಕೊಕ್ಕೆ, ಸೊಂಟದ ದಾರ, ತಾಯಿತ ಎಲ್ಲ ತೆಗೆಯಿಸಿ. ಚಿಪ್ಪಿನಡಿಯಲ್ಲಿ ತಾಯಿತವೊಂದು ಒಂದೇ ರಾತ್ರಿಗೆ ಹುಣ್ಣು ಮಾಡಬಲ್ಲದು. ಹಿಂಚಿಪ್ಪನ್ನು ಬೆನ್ನಿಗೆ ಕೊಟ್ಟು, ಅದರ ಸೊಂಟದ ತಗ್ಗು ರೋಗಿಯ ಸೊಂಟಕ್ಕೆ, ನಡುಗೆರೆ ಬೆನ್ನುಮೂಳೆಯ ನಡುವಿಗೆ ಕೂಡಿಸಿ. ಬೆಲ್ಟಿನ ತುದಿಗಳನ್ನು ಮೊದಲೇ ಒಳಕ್ಕೆ ಮಡಚಿ ಇಡದಿದ್ದರೆ ಮೈಯಡಿ ಸಿಕ್ಕಿಕೊಳ್ಳುತ್ತವೆ, ಎಳೆಯಲು ಇನ್ನೊಮ್ಮೆ ತಿರುಗಿಸಬೇಕಾಗುತ್ತದೆ. ಅಂಗಾತ ಮಲಗಿಸಿ, ಮುಂಚಿಪ್ಪು ಇಟ್ಟು, ಮೊದಲು ಸೊಂಟದ ಮಟ್ಟದ ಬೆಲ್ಟು ಎರಡೂ ಬದಿಗೆ ಸಮವಾಗಿ ಬಿಗಿಯಿರಿ. ಅದು ಕೂತರೆ ಬ್ರೇಸ್ ಮೇಲೆ ಜಾರುವುದಿಲ್ಲ. ಆಮೇಲೆ ಕೆಳಗಿನದು, ಕೊನೆಗೆ ಎದೆಯದು. ಎದೆಯದ್ದನ್ನೇ ಮೊದಲು ಬಿಗಿದರೆ ಇಡೀ ಬ್ರೇಸ್ ಗಂಟಲ ಕಡೆ ಏರುತ್ತದೆ. ಬ್ರೇಸನ್ನೇ ಹಿಡಿದು ರೋಗಿಯನ್ನು ಎತ್ತಬೇಡಿ.

ಆಪರೇಷನ್ ಆದವರಾದರೆ ಹೊಲಿಗೆಯ ಸಾಲು ಎಲ್ಲಿದೆ ನೋಡಿ. ಆಶ್ ಬ್ರೇಸಿನ ಹಿಂದಿನ ಪ್ಯಾಡ್ ನೇರ ಅದರ ಮೇಲೇ ಕೂರುತ್ತದೆ. ಡ್ರೈನ್ ಟ್ಯೂಬ್, ಹೊಟ್ಟೆಯಿಂದ ಊಟ ಕೊಡುವ ಟ್ಯೂಬ್, ಕೊಲೋಸ್ಟಮಿ ಚೀಲ (ಮಲ ಹೋಗಲು ಹೊಟ್ಟೆಗೆ ಅಂಟಿಸಿದ ಚೀಲ) ಇದ್ದವರಿಗೆ ಸಿದ್ಧ ಚಿಪ್ಪಿನಲ್ಲಿ ಕಿಂಡಿ ಕೊಯ್ಯಬೇಕಾಗುತ್ತದೆ. ಆ ಕೆಲಸ ಆರ್ಥೋಟಿಸ್ಟರದು, ವಾರ್ಡಿನ ಕತ್ತರಿಯದಲ್ಲ.

ಹಾಕಿದ ಅರ್ಧ ಗಂಟೆಗೆ ಒಮ್ಮೆ ಮಲಗಿಸಿ ಬಿಚ್ಚಿ ನೋಡಿ, ಮೊದಲ ದಿನ ಎರಡೆರಡು ಗಂಟೆಗೊಮ್ಮೆ. ನಸುಗೆಂಪು ಇದ್ದರೆ ಗಾಬರಿ ಬೇಡ. ಬಿಚ್ಚಿ ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ ಆ ಜಾಗಕ್ಕೆ ಒತ್ತಡ ಹೆಚ್ಚಾಗಿದೆ ಎಂದರ್ಥ. ಸರಿಮಾಡುವ ತನಕ ಮತ್ತೆ ಹಾಕಬೇಡಿ, ಡಾಕ್ಟರಿಗೆ ತಿಳಿಸಿ. ಕಾಲಿನ ಸ್ಪರ್ಶಜ್ಞಾನ ಇಲ್ಲದವರು ನೋವೆಂದು ಹೇಳುವುದೇ ಇಲ್ಲ, ಅವರಿಗೆ ಈ ತಪಾಸಣೆ ತಪ್ಪಿಸಲೇಬೇಡಿ. ಬ್ರೇಸಿನಡಿ ಪೌಡರ್, ಎಣ್ಣೆ, ಮುಲಾಮು ಬೇಡ. ಪೌಡರ್ ಬೆವರಿಗೆ ಗಟ್ಟಿಯಾಗಿ ಉಜ್ಜುತ್ತದೆ.

ಪ್ರಶ್ನೆ: ನಮ್ಮ ತಾತನಿಗೆ ಎಪ್ಪತ್ತು ದಾಟಿದೆ. ಬಹಳ ವರ್ಷಗಳಿಂದ ಬೆನ್ನು ಗೂನಾಗಿ ಬಿರುಸಾಗಿದೆ, ಕುತ್ತಿಗೆಯೂ ತಿರುಗದು. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದರು. ಕಾಲರ್ ಹಾಕಿ ನೇರ ಮಲಗಿಸಿದರೆ ನೋವೆಂದು ಕೂಗುತ್ತಾರೆ. ಬಿಗಿಯಾಗಿ ಕಟ್ಟಬೇಕೇ? (ಬಾಗೇಪಲ್ಲಿ)

ಕಟ್ಟಬೇಡಿ. ಈ ಪುಟದಲ್ಲಿ ಇದೊಂದನ್ನು ಎಲ್ಲರೂ ಓದಬೇಕು.

ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ವರ್ಷಾನುಗಟ್ಟಲೆ ಮೀರಿದ ನೀರು ಕುಡಿದವರಲ್ಲಿ ಬೆನ್ನಿನ ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ಪಟ್ಟಿಗಳೂ ಮೂಳೆಯಂತೆ ಗಟ್ಟಿಯಾಗಿ, ಇಡೀ ಬೆನ್ನು ಒಂದೇ ಕಂಬದಂತೆ ಆಗಿಬಿಡುವುದುಂಟು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ವಾತದಲ್ಲೂ ಹೀಗೇ. ಇಂಥ ಬೆನ್ನು ಬಲವಾಗಿದೆ ಎಂದುಕೊಳ್ಳಬೇಡಿ. ಸಣ್ಣ ಬೀಳುವಿಕೆಗೇ ಅಡ್ಡಡ್ಡ ತುಂಡಾಗುತ್ತದೆ, ಮುರಿದ ಎರಡು ತುದಿಯೂ ಉದ್ದ ಸನ್ನೆಯಾಗಿ ನಡುವಿನ ನರದ ಮೇಲೆ ಆಡುತ್ತವೆ. ಬೀಳುವ ಮೊದಲು ತಾತನ ಕುತ್ತಿಗೆ ಹೇಗೆ ಮುಂದಕ್ಕೆ ಬಾಗಿತ್ತೋ ಅದೇ ಅವರ ನೇರ. ಅದನ್ನು ನಮ್ಮ ನಿಮ್ಮ ನೇರಕ್ಕೆ ತರಲು ಹೋದರೆ, ಗಟ್ಟಿ ಕಾಲರ್ ತೊಡಿಸಿದರೆ, ಆಶ್ ಬ್ರೇಸ್ ಬಿಗಿದರೆ ಮುರಿದ ಜಾಗ ಮುಂದೆ ಬಾಯಿ ತೆರೆದು ಕೈಕಾಲು ಬಿದ್ದುಹೋಗಬಹುದು.

ಈಗಲೇ ಕಾಲರ್ ತೆಗೆಸಿ. ಒಬ್ಬರು ಎರಡು ಕೈಯಿಂದ ತಲೆಯನ್ನು ಅದು ಇರುವ ಓರೆಯಲ್ಲೇ ಹಿಡಿದಿರಲಿ. ತಲೆ ಮತ್ತು ಹೆಗಲಡಿಗೆ ಅವರ ಹಳೆಯ ಬಾಗಿಗೆ ತಕ್ಕಷ್ಟು ದಿಂಬು, ಮಡಚಿದ ಕಂಬಳಿ ಕೊಡಿ. ಎರಡು ಪಕ್ಕಕ್ಕೂ ಸುತ್ತಿದ ಟವೆಲ್ ಇಡಿ. 108ಕ್ಕೆ ಕರೆ ಮಾಡಿ, 'ಬೆನ್ನು ಮೊದಲಿಂದಲೂ ಬಿರುಸು' ಎಂದು ಮೊದಲ ಮಾತಿಗೇ ಹೇಳಿ. ಸಿ.ಟಿ. ಸ್ಕ್ಯಾನ್ ಆಗಲೇಬೇಕು, ಇಂಥ ಬೆನ್ನಿನ ಮುರಿತ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದು ಮಾಮೂಲು. ಇವರಿಗೆ ಸಿದ್ಧ ಬ್ರೇಸ್ ಯಾವುದೂ ಹೊಂದುವುದಿಲ್ಲ.

ಪ್ರಶ್ನೆ: ಅಜ್ಜಿಗೆ ಮೂಳೆ ಸವೆತದಿಂದ ಎಲ್1 ಕುಸಿದಿದೆ. ಆಶ್ ಬ್ರೇಸ್ ತಂದಿದ್ದೇವೆ, ಎದೆಮೂಳೆ ನೋಯುತ್ತದೆಂದು ಹಾಕಿಕೊಳ್ಳುವುದೇ ಇಲ್ಲ. (ಶಿಡ್ಲಘಟ್ಟ)

ಅಜ್ಜಿಯದು ತಪ್ಪಿಲ್ಲ. ಆಶ್ ಬ್ರೇಸ್ ಮೂರೇ ಜಾಗದಲ್ಲಿ ಒತ್ತುತ್ತದೆ. ಟೊಳ್ಳು ಮೂಳೆಯ, ತೆಳು ಚರ್ಮದ ವಯಸ್ಸಾದವರಿಗೆ ಆ ಒತ್ತು ತಡೆಯಲಾಗದು. ಮೈಯನ್ನು ಹಿಂದಕ್ಕೆ ಬಾಗಿಸುವ ಬಲ ಬೆನ್ನಿನ ಹಿಂಭಾಗದ ಕೀಲುಗಳಿಗೂ ಭಾರ. ಬೆನ್ನ ಕಡೆ ಬಗ್ಗಿಸಬಹುದಾದ ಲೋಹದ ಪಟ್ಟಿ, ಹೆಗಲ ಬೆಲ್ಟು, ಅಗಲವಾದ ಹೊಟ್ಟೆಪಟ್ಟಿ ಇರುವ ಬಟ್ಟೆಯ ಟೇಲರ್ ಮಾದರಿ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಲೋಹದ ಪಟ್ಟಿಯನ್ನು ಅಜ್ಜಿಯ ಗೂನಿಗೆ ತಕ್ಕಂತೆ ಬಗ್ಗಿಸಿಯೇ ತೊಡಿಸಬೇಕು. ಅಂಗಡಿಯಿಂದ ಬಂದ ಹಾಗೇ ನೆಟ್ಟಗೆ ಕಟ್ಟಿದರೆ ಗೂನಿನ ತುದಿಗೆ ತಾಗಿ ಹುಣ್ಣಾಗುತ್ತದೆ. ಎದ್ದು ಕೂರುವಾಗ, ನಡೆಯುವಾಗ ಹಾಕಲಿ, ಮಲಗುವಾಗ ತೆಗೆಯಲಿ, ಡಾಕ್ಟರು ಬೇರೆ ಹೇಳದಿದ್ದರೆ. ಸಾಮಾನ್ಯವಾಗಿ 6ರಿಂದ 12 ವಾರ. ಅದಕ್ಕಿಂತ ಹೆಚ್ಚು ಕಾಲ ಕಟ್ಟಿಕೊಂಡಿದ್ದರೆ ಬೆನ್ನಿನ ಮಾಂಸಖಂಡ ಸೊರಗುತ್ತದೆ. ಮೂಳೆ ಸವೆತಕ್ಕೆ ಔಷಧಿ ಶುರುವಾಗಿದೆಯೇ ಕೇಳಿ. ಬ್ರೇಸ್ ಈ ಮೂಳೆಯನ್ನು ಕಾಯಬಹುದು, ಮುಂದಿನದನ್ನಲ್ಲ.

ಪ್ರಶ್ನೆ: ಕುತ್ತಿಗೆಗೆ ಸ್ಪಂಜಿನ ಕಾಲರ್ ಹಾಗೂ ಗಟ್ಟಿ ಕಾಲರ್, ಬೆಲೆ ಬಿಟ್ಟರೆ ವ್ಯತ್ಯಾಸವೇನು? (ಶ್ರೀನಿವಾಸಪುರ)

ಬಹಳ ಇದೆ. ಸ್ಪಂಜಿನದು ತಲೆ ಬಾಗುವುದನ್ನು ಸುಮಾರು ಕಾಲು ಭಾಗದಷ್ಟು ಕಡಿಮೆ ಮಾಡಬಹುದು, ಅಷ್ಟೆ. ಉಳುಕಿಗೆ, 'ಕುತ್ತಿಗೆ ಅಲ್ಲಾಡಿಸಬೇಡ' ಎಂದು ನೆನಪಿಸುವುದಕ್ಕೆ ಅದು ಸಾಕು. ಮುರಿತವಿದೆ ಅಥವಾ ಇದೆಯೆಂಬ ಅನುಮಾನವಿದೆ ಎಂದರೆ ಮುಂದೆ ಹಿಂದೆ ಎರಡು ತುಂಡಿನ ಫಿಲಡೆಲ್ಫಿಯಾ ಮಾದರಿಯ ಗಟ್ಟಿ ಕಾಲರೇ ಬೇಕು. ಕುತ್ತಿಗೆಯ ಕೆಳಭಾಗ, ಎದೆಯ ಮೇಲ್ಭಾಗ ಹಿಡಿಯಬೇಕಾದರೆ ಎದೆಗೆ ಕೂರುವ ಸೋಮಿ ಬ್ರೇಸ್. ಅದನ್ನು ಮಲಗಿದವರಿಗೆ ತಿರುಗಿಸದೆಯೇ ತೊಡಿಸಬಹುದು ಎಂಬುದು ಅದರ ದೊಡ್ಡ ಅನುಕೂಲ.

ಗಟ್ಟಿ ಕಾಲರಿಗೆ ಅಳತೆ ಎರಡು: ಕುತ್ತಿಗೆಯ ಸುತ್ತಳತೆ, ಮತ್ತು ತಲೆ ನೇರವಿದ್ದಾಗ ಗದ್ದದಿಂದ ಎದೆಮೂಳೆಯ ಮೇಲಂಚಿನವರೆಗಿನ ಎತ್ತರ. ಎತ್ತರ ಹೆಚ್ಚಾದರೆ ತಲೆ ಹಿಂದಕ್ಕೆ ಬಾಗಿ ನುಂಗಲು ಕಷ್ಟ. ಕಡಿಮೆಯಾದರೆ ಗದ್ದ ಕಾಲರಿನೊಳಗೆ ಮುಳುಗುತ್ತದೆ. ಮುಂದಿನ ತುಂಡಿನ ಅಂಚು ಹಿಂದಿನದರ ಮೇಲೆ ಬರಬೇಕು. ಹಿಂತಲೆ, ಗದ್ದ, ಕೊರಳೆಲುಬು ಈ ಮೂರು ಕಡೆ ದಿನವೂ ಚರ್ಮ ನೋಡಿ. ಗಂಡಸರಿಗೆ ಗಡ್ಡ ಬೋಳಿಸಿ. ಅದಕ್ಕೆ ಕಾಲರ್ ತೆಗೆಯುವಾಗ ಇನ್ನೊಬ್ಬರು ತಲೆ ಹಿಡಿದಿರಬೇಕು.

ಪ್ರಶ್ನೆ: ಬೆನ್ನುಮೂಳೆಯ ಟಿ.ಬಿ. ಎಂದು ಮಾತ್ರೆ, ಟೇಲರ್ ಬ್ರೇಸ್ ಎರಡೂ ಕೊಟ್ಟಿದ್ದಾರೆ. ಮೂರು ತಿಂಗಳಿಗೇ ನೋವು ಹೋಗಿದೆ. ಎರಡನ್ನೂ ನಿಲ್ಲಿಸಬಹುದೇ? (ಮಧುಗಿರಿ)

ಬ್ರೇಸನ್ನು ಡಾಕ್ಟರು ಹೇಳಿದಾಗ ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಬೇಡಿ. ಬ್ರೇಸ್ ಟಿ.ಬಿ.ಯನ್ನು ಗುಣಪಡಿಸುವುದಿಲ್ಲ, ಸೋಂಕು ತಿಂದು ಮೆದುವಾದ ಮೂಳೆ ಕುಸಿದು ಗೂನಾಗದಂತೆ, ಔಷಧಿ ಕೆಲಸ ಮಾಡುವವರೆಗೆ ಆಸರೆ ಕೊಡುತ್ತದೆ. ಶ್ವಾಸಕೋಶದ ಟಿ.ಬಿ.ಗೆ 6 ತಿಂಗಳಾದರೆ ಬೆನ್ನಿನದಕ್ಕೆ ಕನಿಷ್ಠ 12 ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ನಡೆಯುವಾಗ ಕಾಲು ತೊಡರಿದರೆ, ಬಿಗಿಯಾದಂತೆ ಅನಿಸಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ.

ಪ್ರಶ್ನೆ: ನಮ್ಮದು ಸಣ್ಣ ನರ್ಸಿಂಗ್ ಹೋಂ. ಸ್ಟೋರಿನಲ್ಲಿ ಯಾವ್ಯಾವ ಬ್ರೇಸ್, ಎಷ್ಟೆಷ್ಟು ಇಟ್ಟುಕೊಳ್ಳಬೇಕು? ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡಬಹುದೇ? (ಚಿಂತಾಮಣಿ)

ರಾತ್ರೋರಾತ್ರಿ ಬೇಕಾಗುವುದು ಕಾಲರ್ ಮಾತ್ರ. ಎರಡು ತುಂಡಿನ ಗಟ್ಟಿ ಕಾಲರ್ ಚಿಕ್ಕದು, ನಡುವಿನದು, ದೊಡ್ಡದು ಎರಡೆರಡು, ಮಕ್ಕಳದು ಒಂದು. ಬೆನ್ನಿನ ಬ್ರೇಸಿಗೆ ಅವಸರವಿಲ್ಲ; ರೋಗಿ ಮಲಗಿಯೇ ಇರುತ್ತಾರೆ, ಅಳತೆ ತೆಗೆದು ಮರುದಿನ ತರಿಸಿದರಾಯಿತು. ಇಟ್ಟುಕೊಳ್ಳುವುದೇ ಆದರೆ ಉದ್ದ ಹೊಂದಿಸಬಹುದಾದ ಆಶ್ ಬ್ರೇಸ್ ಎರಡು ಸೈಜು, ಎಲ್.ಎಸ್. ಬೆಲ್ಟ್ ನಡುವಿನ ಮೂರು ಸೈಜು ಸಾಕು. ಚಿಪ್ಪು ಬ್ರೇಸನ್ನು ರಾಶಿ ಹಾಕಬೇಡಿ, ಬೇಕಾದ ಸೈಜು ಮಾತ್ರ ಅದರಲ್ಲಿರುವುದಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ನಂಬರು, ತಯಾರಾದ ತಿಂಗಳು, ಎಂ.ಆರ್.ಪಿ., ಅಳತೆಯ ಚಾರ್ಟ್ ಇದೆಯೇ ನೋಡಿ. ಮಾಲು ತಂದವರ ಎದುರಿಗೇ ವೆಲ್ಕ್ರೋವನ್ನು ಹತ್ತು ಸಲ ಅಂಟಿಸಿ ಕೀಳಿ, ಲೋಹದ ಪಟ್ಟಿಯ ತುದಿ ಬಟ್ಟೆ ಹರಿದು ಹೊರಬರುತ್ತದೆಯೇ ಒತ್ತಿ ನೋಡಿ. ಅಗ್ಗದವು ಕೆಡುವುದು ಈ ಎರಡು ಕಡೆಯೇ.

ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ಒಳಗಿನ ಫೋಮು ಬೆವರು, ರಕ್ತ ಹೀರಿರುತ್ತದೆ, ಒರೆಸಿದರೆ ಹೋಗದು. ಅಲ್ಲದೆ ಮೊದಲಿನವರ ಮೈಗೆ ಬಗ್ಗಿಸಿದ ಪಟ್ಟಿ ಎರಡನೆಯವರಿಗೆ ಸರಿಹೋಗುವುದಿಲ್ಲ.

ಪ್ರಶ್ನೆ: ಸಿದ್ಧ ಬ್ರೇಸ್ ಬಿಟ್ಟು ಅಳತೆ ಕೊಟ್ಟು ಮಾಡಿಸಬೇಕಾದದ್ದು ಯಾವಾಗ? (ತುಮಕೂರು)

ಗೂನು ಅಥವಾ ಪಕ್ಕಕ್ಕೆ ಬಾಗಿದ ಬೆನ್ನು, ಎದೆ ಸಣ್ಣದಾಗಿ ಹೊಟ್ಟೆ ಬಹಳ ದೊಡ್ಡದು, ಅಂದರೆ ಎದೆ ಒಂದು ಸೈಜಿಗೆ, ಸೊಂಟ ಅದಕ್ಕಿಂತ ಎರಡು ಸೈಜು ಮೇಲೆ, ಸ್ಪರ್ಶಜ್ಞಾನ ಇಲ್ಲದ ಮೈ, ಬೆಳೆಯುವ ಮಕ್ಕಳು, ಎರಡು ಮೂರು ಮಟ್ಟದಲ್ಲಿ ಮುರಿತ, ಸಿದ್ಧ ಬ್ರೇಸನ್ನು ಎರಡು ಸಲ ಸರಿಮಾಡಿದರೂ ಕೆಂಪು ಇಳಿಯದವರು. ಇವರೆಲ್ಲ ಆರ್ಥೋಟಿಸ್ಟರ ಬಳಿ ಹೋಗಬೇಕು. ಸಿದ್ಧವಾದದ್ದು ಸಾವಿರದ ಲೆಕ್ಕದಲ್ಲಿ ಮುಗಿದರೆ ಮಾಡಿಸಿದ್ದಕ್ಕೆ ಅದರ ಕೆಲವು ಪಟ್ಟು ಆಗುತ್ತದೆ ಎಂಬುದು ನಿಜ. ಆದರೆ ಎರಡು ಸಿದ್ಧ ಬ್ರೇಸ್ ಕೊಂಡು ಎರಡನ್ನೂ ಅಟ್ಟಕ್ಕೆ ಎಸೆದು ಮೂರನೆಯದಾಗಿ ಮಾಡಿಸುವವರೇ ಹೆಚ್ಚು ಖರ್ಚು ಮಾಡುವುದು. ಬಿ.ಪಿ.ಎಲ್. ಕಾರ್ಡಿನವರು ಒಳರೋಗಿಯಾಗಿರುವಾಗಲೇ, ಬ್ರೇಸ್ ಚಿಕಿತ್ಸೆಯ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕರನ್ನು) ಕೇಳಿ.

ಪ್ರಶ್ನೆ: ಬ್ರೇಸ್ ಹಾಕಿಕೊಂಡು ಸ್ನಾನ, ಕಕ್ಕಸು, ಬೈಕು? (ಗೌರಿಬಿದನೂರು)

ಸ್ನಾನ: ಡಾಕ್ಟರು ಬಿಚ್ಚಲು ಬಿಟ್ಟಿದ್ದರೆ ಬಿಚ್ಚಿ, ಇಲ್ಲದಿದ್ದರೆ ಮಲಗಿಸಿ ಒಂದೊಂದೇ ಚಿಪ್ಪು ತೆಗೆದು ಒರೆಸಿ. ಬ್ರೇಸಿನ ಬಟ್ಟೆ ಭಾಗವನ್ನು ಲೋಹದ ಪಟ್ಟಿ ತೆಗೆದು, ತಣ್ಣೀರಲ್ಲಿ ಸಾದಾ ಸೋಪು ಹಾಕಿ ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಒಗೆಯುವಾಗ ವೆಲ್ಕ್ರೋ ಮುಚ್ಚಿರಲಿ. ಕೂದಲು, ನೂಲು ತುಂಬಿ ಅಂಟದಾದ ವೆಲ್ಕ್ರೋವನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಮತ್ತೆ ಹಿಡಿಯುತ್ತದೆ. ಕಕ್ಕಸು: ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಕಮೋಡ್ ಇಲ್ಲದ ಮನೆಗೆ ಡಿಸ್ಚಾರ್ಜ್ ಆಗುವ ಮೊದಲೇ ಕಮೋಡ್ ಕುರ್ಚಿ ತಂದಿಡಿ. ಬೈಕು: ಓಡಿಸುವುದೂ ಬೇಡ, ಹಿಂದೆ ಕೂರುವುದೂ ಬೇಡ. ಗೌರಿಬಿದನೂರಿನಿಂದ ತಪಾಸಣೆಗೆ ಹೋಗುವುದಾದರೆ ಕಾರಿನ ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿಸಿ, ದಾರಿಯಲ್ಲಿ ಒಮ್ಮೆ ಇಳಿಸಿ ನಿಲ್ಲಿಸಿ.

ಮೂತ್ರ ಕಟ್ಟಿದರೆ, ಗುದದ ಸುತ್ತ ಮರಗಟ್ಟಿದರೆ, ಕಾಲಿನ ಬಲ ಕುಗ್ಗಿದರೆ ಬ್ರೇಸ್ ಸಡಿಲಿಸಿ ನೋಡುತ್ತ ಕೂರಬೇಡಿ. ಅಂದೇ, ರಾತ್ರಿಯಾದರೂ ಸರಿ, ಎಂ.ಆರ್.ಐ. ಇರುವ ಆಸ್ಪತ್ರೆಗೆ ಹೊರಡಿ.